ಕೆಂಗೇರಿಯ ಗಾಳಿಯಲ್ಲಿ ಬೆಳ್ಳಿಯ ಲೇಪ

ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಉಲ್ಲಾಳದ ಸಂಶೋಧಕಿ ಸೌಂದರ್ಯಾ ವರ್ಷಗಟ್ಟಲೆ ಮಾಡಿದ್ದು ಒಂದೇ ಕೆಲಸ: ಕೂದಲಿನಂಥ ಗಾಜಿನ ಎಳೆಯ ಹೊರಪದರವನ್ನು ತುಸು ಉದ್ದಕ್ಕೆ ಸುಲಿದು, ಆ ಜಾಗಕ್ಕೆ ಬೆಳ್ಳಿಯ ಲೇಪ ಕೊಡುವುದು. ಲೇಪ ಎಷ್ಟು ತೆಳುವೆಂದರೆ ಬೆರಳು ತಾಗಿದರೆ ಹೋಯಿತು. ಎಳೆಯೊಳಗೆ ಬಿಳಿ ಬೆಳಕು ಹರಿಸಿದಾಗ ಬೆಳ್ಳಿಯ ಮೇಲ್ಮೈಯ ಎಲೆಕ್ಟ್ರಾನುಗಳು ಅದರಲ್ಲಿ ಯಾವುದೋ ಒಂದು ಬಣ್ಣವನ್ನು ಹೀರಿಕೊಳ್ಳುತ್ತವೆ. ಕಂಪ್ಯೂಟರ್ ಪರದೆಯ ಗೆರೆಯಲ್ಲಿ ಆ ಬಣ್ಣದ ಜಾಗದಲ್ಲೊಂದು ತಗ್ಗು ಕಾಣುತ್ತದೆ. ಬೆಳ್ಳಿಯ ಮೇಲೆ ಹಚ್ಚಿದ ಪಾಲಿಮರ್ ಪದರಕ್ಕೆ ಅಮೋನಿಯಾ ಸೇರಿದರೆ ತಗ್ಗು ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತೋ ಗಾಳಿಯಲ್ಲಿ ಅಷ್ಟು ಅನಿಲವಿದೆ ಎಂದರ್ಥ. ಸಂಶೋಧನಾ ಪತ್ರಿಕೆಗಳಲ್ಲಿ ಅದು ಸದಾ ಹೇಳಿದಂತೆಯೇ ಸರಿಯುತ್ತದೆ.

ಕೆಂಗೇರಿಯಲ್ಲಿ ಹಣ್ಣಿನ ಶೀತಲಗೃಹ ನಡೆಸುವ ವೆಂಕಟರಮಣಪ್ಪ ತಂಪಿಗೆ ಅಮೋನಿಯಾ ಬಳಸುವ ತಮ್ಮ ಯಂತ್ರಕೋಣೆಯಲ್ಲಿ, ಸೋರಿಕೆಯಾದರೆ ಕೂಗುವಂತೆ ಅದನ್ನು ಹಾಕಿ ನೋಡಲು ಒಪ್ಪಿದರು. ಅಲ್ಲಿ ಗೆದ್ದರೆ ಯೋಜನೆ ಮುಂದುವರಿಯುತ್ತಿತ್ತು, ಸೌಂದರ್ಯಾಗೆ ಕೆಲಸ ಉಳಿಯುತ್ತಿತ್ತು. ಸೋತರೆ ಎರಡೂ ಇಲ್ಲ.

ಕೆಲವೇ ದಿನಗಳಲ್ಲಿ ಅವರ ಫೋನ್ ಬಂತು.

“ಏನ್ ಮೇಡಂ, ನಿಮ್ ಮಿಷಿನ್ನು ಸುಮ್‌ಸುಮ್ನೆ ಬಡ್ಕೊಳ್ತಾ ಇದೆ. ಲೀಕೂ ಇಲ್ಲ, ಏನೂ ಇಲ್ಲ. ನಮ್ ಹುಡುಗ್ರು ಅದಕ್ಕೆ ಕಾಗೆ ಅಂತ ಹೆಸರಿಟ್ಟವ್ರೆ.”

ಎಳೆಯನ್ನು ತಂದು ಸೂಕ್ಷ್ಮದರ್ಶಕದಡಿ ಇಟ್ಟರೆ ಲೇಪ ಕಪ್ಪಾಗಿತ್ತು. ಯಂತ್ರಕೋಣೆಯ ಕಿಟಕಿ ವೃಷಭಾವತಿ ನದಿಯ ಕಡೆಗಿತ್ತು. ಕೊಳಚೆಯಿಂದೇಳುವ ಗಂಧಕದ ಅನಿಲ ಪಾಲಿಮರನ್ನು ದಾಟಿ ಬೆಳ್ಳಿಯನ್ನು ಮುಟ್ಟಿತ್ತು. ಬೆಳ್ಳಿ ಕಪ್ಪಾದಂತೆ ತಗ್ಗು ಸರಿದಿತ್ತು, ಉಪಕರಣ ಅದನ್ನೇ ಅಮೋನಿಯಾ ಎಂದುಕೊಂಡಿತ್ತು. ಪ್ರಯೋಗಾಲಯದ ಮುಚ್ಚಿದ ಪೆಟ್ಟಿಗೆಗೆ ಸಿಲಿಂಡರಿನ ಶುದ್ಧ ಅನಿಲವಷ್ಟೇ ಗೊತ್ತು, ನದಿ ಗೊತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ತಾಯಿ ಶಿವಗಂಗಮ್ಮ ತಮ್ಮ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ವಿಭೂತಿಯಿಂದ ಉಜ್ಜುತ್ತಿದ್ದರು. ವಿಷಯ ಕೇಳಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಉಷ್ಣ ಕಣೇ. ಮೈಯಲ್ಲಿ ಉಷ್ಣ ಜಾಸ್ತಿಯಾದ್ರೆ ಬೆಳ್ಳಿ ಕಪ್ಪಾಗುತ್ತೆ. ಎಳನೀರು ಕುಡಿ ಅಂದ್ರೆ ಕೇಳಲ್ಲ.”

“ಅಮ್ಮ, ಅದು ನನ್ ಮೈಮೇಲೆ ಇರ್ಲಿಲ್ಲ.”

“ಮಾಡಿದ್ದು ನಿನ್ ಕೈ ತಾನೆ? ಒಂಚೂರು ವಿಭೂತಿ ಹಚ್ಚಿ ಉಜ್ಜು, ಹೋಗುತ್ತೆ.”

“ಉಜ್ಜಿದ್ರೆ ಕಪ್ಪಿನ ಜೊತೆ ಬೆಳ್ಳಿನೂ ಹೋಗುತ್ತಮ್ಮ.”

ಮಾರ್ಗದರ್ಶಕರಾದ ಸೋಮಲಿಂಗಪ್ಪನವರು ಸುಲಭದ ದಾರಿ ಹೇಳಿದರು. “ದಿನಾ ಬೆಳಿಗ್ಗೆ ರೀಡಿಂಗ್ ತಾನೇ ಸೊನ್ನೆಗೆ ಬರೋ ಹಾಗೆ ಪ್ರೋಗ್ರಾಂ ಬರಿಯಮ್ಮ. ಬಡ್ಕೊಳ್ಳೋದು ನಿಲ್ಲುತ್ತೆ. ಎಲ್ರೂ ಮಾಡೋದೇ.”

ಎಲ್ಲರೂ ಮಾಡುವುದು ನಿಜ. ಸೊನ್ನೆ ಹೊಂದಿಸುವುದು ಒಪ್ಪಿತ ಪದ್ಧತಿಯೇ. ಸೌಂದರ್ಯಾ ಪ್ರೋಗ್ರಾಂ ಬರೆಯುವ ಮೊದಲು ಕಪ್ಪಾದ ಎಳೆಯನ್ನು ಪೆಟ್ಟಿಗೆಯಲ್ಲಿಟ್ಟು ಅಮೋನಿಯಾ ಬಿಟ್ಟು ನೋಡಿದಳು. ಹರಡಿ ಮಸುಕಾಗಿದ್ದ ತಗ್ಗು ಅಲುಗಲೇ ಇಲ್ಲ ಎನ್ನಬಹುದು. ಯಂತ್ರಕೋಣೆಯಲ್ಲಿ ಜನ ಕೆಲಸ ಮಾಡುತ್ತಾರೆ. ಸೊನ್ನೆ ಹೊಂದಿಸಿಬಿಟ್ಟರೆ ಅನಿಲ ನಿಜವಾಗಿ ಸೋರಿದ ದಿನವೂ ಅವರಿಗೆ ಕಾಣುವುದು ಸೊನ್ನೆಯೇ.

ಮರುದಿನ ಆಕೆ ಕೆಂಗೇರಿಗೆ ಹೋಗಿ ಉಪಕರಣವನ್ನು ಬಿಚ್ಚತೊಡಗಿದಳು.

“ಬಾಯ್ ಮುಚ್ಸಿ ಅಂದ್ರೆ ಕಿತ್ಕೊಂಡೇ ಹೋಗ್ತಾ ಇದೀರಲ್ಲ ಮೇಡಂ?” ಎಂದರು ವೆಂಕಟರಮಣಪ್ಪ.

“ಮುಚ್ಸಬಹುದು ಸಾರ್. ಆಮೇಲೆ ಲೀಕ್ ಆದ್ರೂ ಬಾಯ್ ಬಿಡಲ್ಲ. ನಿಮ್ ಹಳೇ ಡಿಟೆಕ್ಟರ್ರೇ ಇರ್ಲಿ.”

ಅವರು ಮುಂದೆ ಬಂದು ಆಕೆ ಹತ್ತಿದ್ದ ಏಣಿ ಹಿಡಿದುಕೊಂಡರು.

ಯೋಜನೆ ಆ ಮಾರ್ಚಿಗೆ ನಿಂತಿತು. ಸೌಂದರ್ಯಾ ಈಗ ಶ್ರೀಗಂಧದ ಕಾವಲ್‌ನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಆಕೆಯ ಪಿಎಚ್‌ಡಿ ಪ್ರಬಂಧದಲ್ಲಿ ಎಲ್ಲಕ್ಕಿಂತ ಉದ್ದದ ಅಧ್ಯಾಯ ಆ ಕಪ್ಪಾದ ಎಳೆಯದ್ದು. ಅದನ್ನು ತೆಗೆದುಹಾಕು ಎಂದು ಸೋಮಲಿಂಗಪ್ಪನವರು ಹೇಳಲಿಲ್ಲ.