ಹಬ್ಬದ ದಿನ ಹಳೇ ಸೀರೆ

ದೀಪಾವಳಿ ಪಾಡ್ಯದ ದಿನ ಬೆಂಗಳೂರಿನ ಫೋಟೋಗ್ರಾಫರ್ ಒಬ್ಬನನ್ನು ನನ್ನ ಜೀಪಿನಲ್ಲಿ ಕಲಘಟಗಿ ಕಾಡಂಚಿನ ಎಮ್ಮೆ ಸಾಕುವ ಗೌಳಿಗರ ಹಟ್ಟಿಗೆ, ಅಂದರೆ ದಡ್ಡಿಗೆ, ಕರೆದೊಯ್ದಿದ್ದೆ. ಪ್ರವಾಸಿಗರಿಗಾಗಿ ಗುಡ್ಡಗಾಡಿನ ಹಬ್ಬಗಳ ಪುಸ್ತಕ ಮಾಡುತ್ತಿದ್ದನಂತೆ.

ಒಂದು ಮನೆಯ ಅಂಗಳದಲ್ಲಿ ಎಮ್ಮೆಗಳ ಕೊಂಬಿಗೆ ಬಣ್ಣ ಬಳಿದು, ಚೆಂಡುಹೂ ಕಟ್ಟಿ ನಿಲ್ಲಿಸಿದ್ದರು. ಮನೆಯ ಹಿರಿಯಳಾದ ಭಾಗೂಬಾಯಿ ಹೊಸ ಹಸಿರು ಸೀರೆಯುಟ್ಟು ಆರತಿ ತಂದಳು. ಅವನು ಕೈ ಅಡ್ಡ ಹಿಡಿದು ತಡೆದ. ತನ್ನ ಚೀಲದಿಂದ ಮಾಸಿದ ಸೀರೆಯೊಂದನ್ನು ತೆಗೆದು, "ಅಮ್ಮಾ, ಇದನ್ನ ಉಟ್ಕೊಂಡು ಬನ್ನಿ. ಫೋಟೋದಲ್ಲಿ ನಿಮ್ಮ ಸಂಪ್ರದಾಯ ಕಾಣಬೇಕು" ಅಂದ.

ಅವಳ ಮುಖ ಸಣ್ಣದಾಯಿತು. "ಈ ಹೊಸಾ ಸೀರೀನ ಹಬ್ಬಕ್ಕಂತ ಮಗಳು ತಂದಾಳ್ರಿ. ಹಬ್ಬದ ದಿನ ಹಳೀದು ಉಡೂದೇನ್ರಿ?"

"ಐದೇ ನಿಮಿಷ ಅಮ್ಮಾ."

ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಕೈಯಿಂದ ಆ ಮಾಸಿದ ಸೀರೆ ಕಸಿದು ಜೀಪಿನೊಳಗೆ ಎಸೆದೆ. "ನಿಮ್ಮವ್ವಗೂ ಹಬ್ಬದ ದಿನ ಹಿಂಗ ಅಂತೀರೇನ್ರಿ? ಬಾಜೂಕ ಸರೀರಿ!"

ಅವನು ಸರಿದ. ಭಾಗೂಬಾಯಿ ಎಮ್ಮೆಗಳಿಗೆ ಆರತಿ ಬೆಳಗಿದಳು. ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಒಂದು ಫೋಟೋನೂ ತೆಗೆಯಲಿಲ್ಲ.

ವಾಪಸ್ ಬರುವಾಗ, "ಅಸಲಿ ಹಳ್ಳಿ ಜನ ಇನ್ನೆಲ್ಲಾದರೂ ಸಿಗ್ತಾರಾ?" ಎಂದು ಕೇಳಿದ. ದುಮ್ಮವಾಡದ ಬಸ್ ಸ್ಟ್ಯಾಂಡಿನಲ್ಲಿ ಜೀಪು ನಿಲ್ಲಿಸಿದೆ.

"ಇಳೀರಿ. ಇಲ್ಲೆ ಬಸ್ಸು ಕಾಯೋರೆಲ್ಲಾ ಅಸಲೀನ ಅದಾರ."