ಮಾಲ್ಡೀವ್ಸಿಗೆ ಹೊರಟಿದ್ದ ಮೇಸ್ತ್ರಿ ಅಕ್ಕ

ಅವರ ಹತ್ತೂ ಬೆರಳ ತುದಿಗಳು ಸವೆದ ಸೋಪಿನ ಚೂರಿನಂತೆ ನುಣ್ಣಗಿದ್ದವು. ಉಗುರ ಸಂದಿಯಲ್ಲಿ ಮಾತ್ರ ಎಲೆಯ ರಸ ಕಪ್ಪಗೆ ಕೂತಿರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗದು. ಹೊಸೂರು ಕಡೆಯ ಬಾಗಲೂರಿನಾಚೆಯ ಗುಲಾಬಿ ತೋಟದ ಪ್ಯಾಕಿಂಗ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಮುಳ್ಳು, ಎಲೆ ಸವರಿದ ಕೈ ಅದು. ನಾವೆಲ್ಲ ಅವರನ್ನು ಮೇಸ್ತ್ರಿ ಅಕ್ಕ ಎನ್ನುತ್ತಿದ್ದೆವು.

ನಾನು ಸೇರಿದ ದಿನ ನನಗೆ ಕೈಗವಸು ಸಿಗಲಿಲ್ಲ. ಆರು ತಿಂಗಳು ನಿಂತವರಿಗೆ ಮಾತ್ರ ಕೊಡುವುದು ಅಲ್ಲಿನ ರೂಢಿ, ಬಿಟ್ಟು ಓಡುವವರೇ ಹೆಚ್ಚು. ಮೊದಲ ಬಕೆಟ್ ಮುಗಿಯುವಷ್ಟರಲ್ಲಿ ಬೆರಳಲ್ಲಿ ರಕ್ತ. ಅಕ್ಕ ತಮ್ಮ ಗವಸು ಕಳಚಿ ನನ್ನ ಮುಂದೆ ಎಸೆದರು.

"ಹಾಕ್ಕೊಳ್ಳೇ. ನನ್ ಕೈಯಾಗೆ ಚುಚ್ಚೋಕೆ ಇನ್ನೇನೂ ಉಳ್ದಿಲ್ಲ."

ವರ್ಷಕ್ಕೊಮ್ಮೆ ಅವರಿಗೆ ಹೊಸ ಜೊತೆ ಬಂದಾಗಲೂ ನನ್ನ ಹಳೆಯದು ಹರಿದಿದ್ದರೆ ಆ ಹೊಸದು ನನ್ನ ಪಾಲಿಗೇ ಬರುತ್ತಿತ್ತು. ನಾನು ಮಾತಿಗಾದರೂ ಬೇಡ ಎನ್ನಲಿಲ್ಲ. ನೆನೆದರೆ ಈಗ ನಾಚಿಕೆಯಾಗುತ್ತದೆ.

ವಾರಕ್ಕೆರಡು ಸಲ ನಮ್ಮ ಹೂವು ಮಾಲ್ಡೀವ್ಸಿನ ಹೋಟೆಲುಗಳಿಗೆ ಹೋಗುತ್ತಿತ್ತು. ಬಾಕ್ಸಿಗೆ ಚೀಟಿ ಅಂಟಿಸುತ್ತ ಅಕ್ಕ ಒಮ್ಮೆ ಸೂಪರ್‌ವೈಸರನ್ನು ಕೇಳಿದರು, ಅವರೇ ಯಾಕೆ ಬೆಳೆದುಕೊಳ್ಳಬಾರದು ಎಂದು. ಆ ದ್ವೀಪಗಳ ಸೆಖೆಗೆ, ಉಪ್ಪು ಮರಳಿಗೆ ಗುಲಾಬಿ ಏಳುವುದಿಲ್ಲ ಎಂದ ಅವನು. ಅಕ್ಕ ಬಾಕ್ಸಿನ ಮೇಲೆ ಕೈಯಿಟ್ಟು ನಿಂತೇಬಿಟ್ಟರು.

"ಗುಲಾಬಿ ಗಿಡಾನೇ ಇಲ್ದಿರೋ ದೇಸ ಕಣೇ! ಹೋದ್ರೆ ಅಲ್ಲಿಗೇ ಹೋಗ್ಬೇಕು."

ತಮಾಷೆ ಎಂದುಕೊಂಡೆವು. ಅಕ್ಕ ಮಾತ್ರ ಹೊಸೂರಿನ ಟ್ರಾವೆಲ್ಸಿನವನನ್ನು ಕಂಡೇ ಬಂದರು. ಫೆಬ್ರವರಿಯ ಪ್ರೇಮಿಗಳ ದಿನದ ನೂಕುನುಗ್ಗಲು ಮುಗಿದು ಗಿಡ ಕತ್ತರಿಸಿದ ಮೇಲೆ, ಮತ್ತೆ ಮೊಗ್ಗು ಬರುವವರೆಗೆ ಶೆಡ್ಡಿಗೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಮೂರು ದಿನ, ಅವರ ಜೊತೆಗೆ ನಾನು ಎಂದು ನಿಶ್ಚಯವಾಯಿತು. ರಟ್ಟಿನ ತುಂಡಿನ ಮೇಲೆ ಪಟ್ಟಿ ಬರೆದರು: ರಾಗಿ ಹಿಟ್ಟು, ಹುಳಿ ಗೊಜ್ಜು, ಚಾಪೆ.

"ಚಾಪೆ ಯಾಕಕ್ಕಾ?"

"ಸಮುದ್ರದ ಮುಂದೆ ಹಾಸ್ಕೊಂಡು ಕುಂತ್ಕೊಳ್ಳೋಕೆ. ಏನೂ ಮಾಡಲ್ಲ ಕಣೇ. ಸುಮ್ಕೆ ಕುಂತ್ಕೋತೀನಿ."

ನಮ್ಮದು ದಿನಕ್ಕೆ ಒಂಬತ್ತು ಗಂಟೆ ನಿಂತೇ ಮಾಡುವ ಕೆಲಸ. ಬೇರಿಕೆ ಊರಿನ ಮುಂದಿನ ಸಂತೆಯಿಂದಲೇ ನೀಲಿ ಪ್ಲಾಸ್ಟಿಕ್ ಚಾಪೆ ಬಂತು. ಶೆಡ್ಡಿನ ಬಾಗಿಲ ಹಿಂದೆ ಸುತ್ತಿ ನಿಲ್ಲಿಸಿದರು.

ಆಮೇಲೆ ಪಾಸ್‌ಪೋರ್ಟ್. ಇಬ್ಬರೂ ಒಂದೇ ದಿನ ಆಫೀಸಿಗೆ ಹೋದೆವು. ನನ್ನ ಬೆರಳಚ್ಚನ್ನು ಮಿಶನ್ನು ಒಂದೇ ಸಲಕ್ಕೆ ಹಿಡಿಯಿತು. ಅಕ್ಕನದು ಹಿಡಿಯಲಿಲ್ಲ. ಒರೆಸಿ ಇಟ್ಟರು, ಒತ್ತಿ ಇಟ್ಟರು, ಹತ್ತು ಬೆರಳೂ ಮುಗಿದವು.

"ಉಂಗಳುಕ್ಕು ರೇಗೈಯೇ ಇಲ್ಲೈಯೇಮ್ಮಾ," ಎಂದಳು ಅಲ್ಲಿದ್ದ ತಮಿಳು ಹುಡುಗಿ. ನಿಮಗೆ ಗೆರೆಗಳೇ ಇಲ್ಲವಲ್ಲ ಎಂದು. ಎರಡು ತಿಂಗಳು ಕೈಗೆ ಕೆಲಸ ಕೊಡದೆ ಮತ್ತೆ ಬನ್ನಿ ಎಂದು ಕಳಿಸಿದಳು.

ಅವರ ಗವಸು ನೆನೆದು ನನಗೆ ತಲೆಯೆತ್ತಲಾಗಲಿಲ್ಲ. ಅಕ್ಕ ನನ್ನ ಬೆನ್ನು ತಟ್ಟಿದರು. "ನಿಂದು ಬಿತ್ತಲ್ಲ, ಬಿಡು." ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಮತ್ತೊಂದು ಮಾತು: "ಕೈ ಸುಮ್ಕಿಡ್ಬೇಕಂತೆ. ಕೈ ಸುಮ್ಕಿಡೋಕೇ ಅಲ್ವೇನೇ ನಾನು ಹೊರಟಿದ್ದು?"

ಎರಡು ತಿಂಗಳು ಕೂಲಿ ಬಿಟ್ಟು ಕೂರುವ ಹಾಗಿರಲಿಲ್ಲ. ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಸವರಿ, ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡರು. ಮತ್ತೊಮ್ಮೆ ಹೋಗಿ ಬಂದರು. ಆಗಲಿಲ್ಲ. ಮಾಲ್ಡೀವ್ಸಿನ ಸುದ್ದಿ ಎತ್ತುವುದನ್ನೇ ಬಿಟ್ಟರು. ಬಾಕ್ಸಿಗೆ ಚೀಟಿ ಅಂಟಿಸುವುದು ಮಾತ್ರ ನಿಲ್ಲಲಿಲ್ಲ.

ಮರುವರ್ಷ ಎದೆಯ ಕಾಯಿಲೆ ಹಿಡಿದು ಅಕ್ಕ ಕೆಲಸ ಬಿಟ್ಟರು. ಹೋಗುವಾಗ ಚಾಪೆ ಒಯ್ದರು. ನಾಲ್ಕು ತಿಂಗಳ ಮೇಲೆ ಉದ್ದನಪಲ್ಲಿಯಲ್ಲಿ ಅವರ ತಂಗಿಯ ಮನೆಗೆ ಹೋದೆ. ನಡುಮನೆಯಲ್ಲಿ ಅದೇ ನೀಲಿ ಚಾಪೆಯ ಮೇಲೆ ಮಲಗಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನನ್ನು ಕಂಡವರೇ ಕೈ ಚಾಚಿದರು.

"ನೋಡೇ."

ಬಿಸಿಲಿಗೆ ಹಿಡಿದು ನೋಡಿದೆ. ಉಗುರು ಬೆಳ್ಳಗಾಗಿತ್ತು. ಬೆರಳ ತುದಿಯಲ್ಲಿ ಎಳೆ ಎಳೆಯಾಗಿ ಸುತ್ತು ಮೂಡಿತ್ತು.

"ಗೆರೆ ಬಂದವೆ ಕಣೇ. ಈಗ ಮಿಶನ್ನು ಹಿಡ್ಕೋತದೆ."

"ಹೂಂ ಅಕ್ಕಾ. ನಾಳೇನೇ ಹೋಗಾಣ."

"ನಾಳೆ ಬ್ಯಾಡ," ಎಂದರು ನಗುತ್ತ. "ಇನ್ನೊಸಿ ಮಲೀಕೋತೀನಿ. ಸಾಕಾಗೈತೆ."

ಎಂಟು ದಿನಕ್ಕೆ ಹೋದರು.

ನನ್ನ ಪಾಸ್‌ಪೋರ್ಟ್ ಟ್ರಂಕಿನಲ್ಲಿದೆ, ಒಂದು ಮುದ್ರೆಯೂ ಬಿದ್ದಿಲ್ಲ. ಟ್ರಾವೆಲ್ಸಿನವನು ಈಗಲೂ ಫೋನ್ ಮಾಡುತ್ತಾನೆ. ಒಬ್ಬಳೇ ಹೋಗಿ ಕೂರಲು ಮನಸ್ಸಿಲ್ಲ, ನಿಂತು ನಿಂತು ಕಾಲಿಗೂ ಸಾಕಾಗಿದೆ. ತಿಂಗಳಿಗೊಮ್ಮೆ ರೇಷನ್ ಅಂಗಡಿಯಲ್ಲಿ ಹೆಬ್ಬೆರಳಿಟ್ಟರೆ ಮಿಶನ್ನು ತಟ್ಟನೆ ಹಿಡಿಯುತ್ತದೆ. ಶೆಡ್ಡಿನ ಬೇರೆ ಹೆಂಗಸರು ಹತ್ತು ಸಲ ಒತ್ತಬೇಕು. "ನೀನು ಪುಣ್ಯವಂತೆ ಬಿಡೇ," ಎನ್ನುತ್ತಾರೆ ಹಿಂದೆ ನಿಂತವರು. ನಾನು ಅಕ್ಕಿ ಹಿಡಿದುಕೊಂಡು ಬರುತ್ತೇನೆ. ಆ ಗೆರೆ ಅಕ್ಕನ ಗವಸು ಉಳಿಸಿದ್ದು, ಅಕ್ಕನ ಪಾಲಿನದು.