ಮೆಟಡಾರಿಗೆ ಎರಡು ಸೋಲಾರ್ ಹಲಗೆ

ದೊಡ್ಡ ಸೋಲಾರ್ ಹಲಗೆಯೇ ಬೇಕೆಂದು ಹಟ ಹಿಡಿದವನು ನಾನೇ. ವ್ಯಾನೂ ನನ್ನದಲ್ಲ, ರೊಕ್ಕವೂ ನನ್ನದಲ್ಲ. ಪುಕ್ಕಟೆ ಸಲಹೆ ಮಾತ್ರ ನನ್ನದು.

ವ್ಯಾನು ಗೆಳೆಯ ಖಾಜಾನದು. ತೊಂಬತ್ತರ ದಶಕದ ಆ ಏಪ್ರಿಲ್‌ನಲ್ಲಿ ಅವನು ಹಳೆಯ ಮೆಟಡಾರಿನ ಹಿಂದಿನ ಸೀಟು ಕಿತ್ತು ತಾಯಿಗೆ ಹಾಸಿಗೆ ಹಾಸಿದ್ದ. ಅವರನ್ನು ನಾನು ಖಾಲಾ ಎನ್ನುತ್ತಿದ್ದೆ. ಕಾರವಾರದಲ್ಲಿ ಅವರ ಮಗಳು ಹೆತ್ತಿದ್ದಳು; ಮೊಮ್ಮಗಳನ್ನು ನೋಡುವ ಆಸೆ. ಬಸ್ಸು ಹತ್ತಿದರೆ ಖಾಲಾಗೆ ವಾಂತಿ. ವ್ಯಾನಿನಲ್ಲಿ ಮಲಗಿ ಹೋಗಬಹುದು, ಆದರೆ ನಿಂತಲ್ಲಿ ಗಾಳಿ ಬೇಕು. ವ್ಯಾನಿನ ಬ್ಯಾಟರಿಗೆ ಫ್ಯಾನು ಹಾಕಿದರೆ ಆಮೇಲೆ ನಾವಿಬ್ಬರೂ ಇಳಿದು ತಳ್ಳಬೇಕು.

"ಲಿಂಗಸೂಗೂರ ತನಕ ಕರಕೊಂಡು ಹೋಗ್ರಿ. ಫ್ಯಾನು ಸುಖ ಕೊಟ್ರ ಕಾರವಾರಕ್ಕ ಬರ್ತೀನಿ, ಇಲ್ಲಂದ್ರ ಇಲ್ಲ" ಎಂದಿದ್ದರು ಖಾಲಾ.

ನಮ್ಮ ಸಿಂಧನೂರಿನ ಸೋಲಾರ್ ಅಂಗಡಿಯವರು ಪರೀಕ್ಷೆಗೆಂದು ಎರಡು ಹಲಗೆ ಕೊಟ್ಟರು. ದೊಡ್ಡದು ವ್ಯಾನಿನ ಟಾಪಿಗೆ ಬಿಗಿಯುವಂಥದು. ಇನ್ನೊಂದು ಸಣ್ಣದು, ಉದ್ದ ವೈರಿನದು, ಎಲ್ಲಿ ಬೇಕಾದರೂ ಇಡಬಹುದು. "ನೇರ ಫ್ಯಾನಿಗೆ ಕೊಟ್ಟು ನೋಡ್ರೀ... ಮನಸಿಗೆ ಬಂದದ್ದಕ್ಕ ಬ್ಯಾಟರಿ ಜೋಡಿಸ್ತೀನ್ರೀ..." ಎಂಬ ಅವರ ಮೂಗಿನ ಮಾತನ್ನು ನಾನು ದಾರಿಯುದ್ದಕ್ಕೂ ಆಡಿ ತೋರಿಸಿದೆ. ಕಾಲುವೆ ಬದಿಯ ಭತ್ತದ ಗದ್ದೆ ಮುಗಿದು ಎರೆಹೊಲ ಬಂದರೂ ನನ್ನ ಬಾಯಿ ಮುಚ್ಚಲಿಲ್ಲ.

ಮಸ್ಕಿಯ ಗುಡ್ಡ ಕಾಣುವಾಗ ಬಿಸಿಲು ನೆತ್ತಿಗೇರಿತ್ತು. ನಮ್ಮ ಕಡೆ ಗಾಡಿ ನಿಲ್ಲಿಸುವುದೆಂದರೆ ಬೇವಿನ ಮರ ಹುಡುಕುವುದು. ಖಾಜಾ ಅಭ್ಯಾಸಬಲದಿಂದ ದಟ್ಟ ನೆರಳಿಗೇ ನುಗ್ಗಿಸಿದ. "ಇನ್ನಷ್ಟು ಒಳಗ ತೊಗೊ" ಎಂದು ಕೈಬೀಸಿದವನು ನಾನು. ತಿನ್ನಲು ಮಂಡಾಳ ಒಗ್ಗರಣಿ, ಮಿರ್ಚಿ ತಂದು, ಟಾಪಿಗೆ ಬಿಗಿದಿದ್ದ ದೊಡ್ಡ ಹಲಗೆಗೆ ಫ್ಯಾನು ಜೋಡಿಸಿ ಗುಂಡಿ ಒತ್ತಿದೆವು. ಅದು ಮಿಸುಕಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು ನಾನೇ ಬಾಯಲ್ಲಿ "ಗರ್‍ರ್" ಎಂದೆ.

"ಸಪ್ಪಳ ನೀ ಮಾಡ್ತಿ, ಗಾಳಿ ನಿಮ್ಮಪ್ಪ ಬೀಸ್ತಾನೇನು?" ಎಂದರು ಖಾಲಾ, ಸೆರಗಿನಿಂದ ಬೀಸಿಕೊಳ್ಳುತ್ತ.

ಬಿಸಿಲು ತಿನ್ನುವ ಹಲಗೆಯನ್ನು ನೆರಳಲ್ಲಿ ನಿಲ್ಲಿಸಿದ್ದು ಆಗ ಹೊಳೆಯಿತು. ವ್ಯಾನನ್ನು ಬಯಲಿಗೆ ತಂದೆವು. ಫ್ಯಾನು ಭರ್ರನೆ ತಿರುಗಿತು, ತಗಡಿನ ಒಳಗಿನ ಕಾದ ಗಾಳಿಯನ್ನೇ ಮುಖಕ್ಕೆ ಎರಚಿತು. "ಕಾರವಾರ ಮುಟ್ಟೋದ್ರಾಗ ಹುರಿಗಡಲಿ ಆಗ್ತೀನಿ. ಸಿಂಧನೂರಿಗೆ ತಿರುಗಿಸು" ಎಂದು ಅವರು ಇಳಿದೇಬಿಟ್ಟರು.

"ಅಮ್ಮೀ, ಲಿಂಗಸೂಗೂರ ಒಂದು ನೋಡಿಬಿಡೂಣು" ಎಂದು ಖಾಜಾ ಗೋಗರೆದು ಹತ್ತಿಸಿದ.

ಲಿಂಗಸೂಗೂರಿನ ಹೊರಗೆ ವ್ಯಾನನ್ನು ಹುಣಸೆಯ ನೆರಳಲ್ಲಿ ನಿಲ್ಲಿಸಿ, ಸಣ್ಣ ಹಲಗೆಯನ್ನು ದೂರದ ಬಿಸಿಲಿಗೆ ಒಯ್ದು ಕಲ್ಲಿಗೆ ಆನಿಸಿದೆ. ಫ್ಯಾನು ನಿಧಾನಕ್ಕೆ ತಿರುಗಿತು. ಹುಣಸೆಯ ತಂಪು ಕಿಟಕಿಯಿಂದ ಒಳಗೆ ಬಂತು. ಖಾಲಾ ಮಲಗಿದರು, ಸ್ವಲ್ಪ ಹೊತ್ತಿಗೆ ಗೊರಕೆ. ಅದನ್ನು ಅನುಕರಿಸುವ ಧೈರ್ಯ ನನಗಾಗಲಿಲ್ಲ.

ಅವರು ಎದ್ದಾಗ ನಾನು ಕೊನೆಯ ವಕಾಲತ್ತು ಮಾಡಿದೆ: "ಖಾಲಾ, ಆದ್ರೂ ದೊಡ್ಡದು ಟಾಪ್ ಮ್ಯಾಲೆ ಇದ್ರ ಏನು ಕಳೆ! ಕಾರವಾರದ ಮಂದಿ ನಿಂತು ನೋಡಬೇಕು."

ಖಾಲಾ ಚಪ್ಪಲಿ ಮೆಟ್ಟುತ್ತ ಹೇಳಿದರು:

"ಮಂದಿ ನೋಡಬೇಕಂದ್ರ ಟಾಪ್ ಮ್ಯಾಲೆ ನೀನ ಕುಂದ್ರು. ಮಲಗಾಕಿ ನಾನು, ನನಗ ಸಣ್ಣದು ಕಟ್ಟಿಸ್ರಿ."